ಮೊದಲು ಭಾರ ಕೇಳು, ಆಮೇಲೆ ಬ್ರೇಕು

ಮಗಾ, ಟ್ರೇಲರ್ ಬ್ರೇಕ್ ರಿಪೇರಿ ಮಾಡಿಸಲಾ, ಇಲ್ಲ ಆಕ್ಸಲ್ ಸಮೇತ ಹೊಸದೇ ಹಾಕಿಸಲಾ ಅಂತ ನೀನು ಕೇಳಿದ್ದಕ್ಕೆ ಅವತ್ತೇ ಒಂದು ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ಒಂದು ಮಾತಿನ ಉತ್ತರ ನಿನ್ನ ಟ್ರೇಲರ್ ಒಂದಕ್ಕೆ ಸಾಕು. ಆದರೆ ಅಂಥ ಹಳೇ ಟ್ರೇಲರ್‌ಗಳು ಮದ್ದೂರು ಸೀಮೆಯಲ್ಲಿ ಊರು ತುಂಬ ಇವೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನೀನು ಓದು, ಓದಿ ಪಕ್ಕದ ಮನೆಯವರಿಗೂ ಕೊಡು.

ಎಲ್ಲರೂ ಮೊದಲು ಕೇಳುವುದು, ಯಾವುದು ಕಮ್ಮಿ ಖರ್ಚು ಅಂತ. ಕೆಂಗೇರಿಯ ಸಾರಿಗೆ ಸಂಸ್ಥೆ ವರ್ಕ್‌ಶಾಪಿನಲ್ಲಿ ಬಸ್ಸುಗಳ ಬ್ರೇಕ್ ಬಿಚ್ಚಿ ಕಟ್ಟುತ್ತಲೇ ಕೆಲಸದ ವರ್ಷಗಳನ್ನು ಕಳೆದ ನನಗೆ ಈ ಪ್ರಶ್ನೆ ಎರಡನೆಯದು ಅನ್ನಿಸುತ್ತದೆ. ಮೊದಲನೆಯದು ಬೇರೆ: ಈ ಬ್ರೇಕು ಹೊಸದಾಗಿದ್ದಾಗಲಾದರೂ ನೀನು ಈಗ ಹೊರುತ್ತಿರುವ ಭಾರಕ್ಕೆ ಸಾಕಾಗುತ್ತಿತ್ತೇ? ರಿಪೇರಿ ಅಂದರೆ ಇದ್ದದ್ದನ್ನು ಮೊದಲಿನ ಸ್ಥಿತಿಗೆ ತರುವುದು. ಮೊದಲಿನ ಸ್ಥಿತಿಯೇ ಸಾಲದು ಅಂತಾದರೆ ಎಷ್ಟು ಅಚ್ಚುಕಟ್ಟಾಗಿ ರಿಪೇರಿ ಮಾಡಿಸಿದರೂ ನಿನ್ನ ದುಡ್ಡು ನೀರಿನಲ್ಲಿ ಹೋಮ.

ನಿಮ್ಮಪ್ಪ ಆ ಟ್ರೇಲರ್ ಮಾಡಿಸಿದಾಗ ಮನೆಯಲ್ಲಿದ್ದದ್ದು 35 ಎಚ್‌ಪಿ ಟ್ರ್ಯಾಕ್ಟರ್. ಅದರಲ್ಲಿ ಹೋಗುತ್ತಿದ್ದದ್ದು ತಿಪ್ಪೆ ಗೊಬ್ಬರ, ಭತ್ತದ ಹುಲ್ಲು, ರಾಗಿ ಮೂಟೆ. ಕಬ್ಬು ಹಾಕಿದರೂ ಟ್ರ್ಯಾಕ್ಟರ್ ಎಳೆದಷ್ಟೇ ಹಾಕುತ್ತಿದ್ದರು. ಎಂಜಿನ್ನೇ ಭಾರಕ್ಕೆ ಮಿತಿ ಹಾಕುತ್ತಿತ್ತು. ಈಗ ನಿನ್ನ ಹತ್ತಿರ 50 ಎಚ್‌ಪಿ ಇದೆ. ಎಂಟು ಟನ್ ಕಬ್ಬು ಹೇರಿದರೂ ಅದು ಜಗ್ಗುವುದಿಲ್ಲ. ಎಳೆಯುವ ಶಕ್ತಿ ಹೆಚ್ಚಿತು, ನಿಲ್ಲಿಸುವ ಶಕ್ತಿ ಅಲ್ಲೇ ಉಳಿಯಿತು. ಟ್ರೇಲರ್ ಅದೇ, ಡ್ರಮ್ಮು ಅದೇ, ಬ್ರೇಕು ಹಿಂದಿನ ಎರಡು ಚಕ್ರಕ್ಕೆ ಮಾತ್ರ.

ಹೊಸ ಟ್ರ್ಯಾಕ್ಟರಿನಲ್ಲಿ ಆಯಿಲ್ ಬ್ರೇಕ್ ಇದೆ, ಗಕ್ಕಂತ ಹಿಡಿಯುತ್ತದೆ ಅಂದೆ ನೀನು. ಹಿಡಿಯುತ್ತದೆ, ನಿಜ. ಆದರೆ ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ಲ. ಹಿಂದಿನ ಎರಡು ದೊಡ್ಡ ಚಕ್ರಕ್ಕೆ ಮಾತ್ರ ಇದೆ, ಆ ಚಕ್ರಗಳು ನೆಲವನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತವೆ ಅನ್ನುವುದು ಅವುಗಳ ಮೇಲೆ ಎಷ್ಟು ತೂಕ ಕೂತಿದೆ ಅನ್ನುವುದರ ಮೇಲೆ ನಿಂತಿದೆ. ಕಾಗದ ಪೆನ್ನು ತಗೊ, ಇಬ್ಬರೂ ಲೆಕ್ಕ ಹಾಕೋಣ.

ಟ್ರ್ಯಾಕ್ಟರ್ 2 ಟನ್ ಅಂತಿಟ್ಟುಕೊ. ಅದರಲ್ಲಿ ಹಿಂದಿನ ಚಕ್ರದ ಮೇಲೆ ಕೂರುವುದು ಸುಮಾರು 1,300 ಕೆ.ಜಿ. ನಿನ್ನದು ನಾಲ್ಕು ಚಕ್ರದ ಟ್ರೇಲರ್, ಅದರ ಭಾರ ಅದರ ಚಕ್ರಗಳ ಮೇಲೇ ಇರುತ್ತದೆ, ಟ್ರ್ಯಾಕ್ಟರಿನ ಮೇಲೆ ಬೀಳುವುದಿಲ್ಲ. ಒಣಗಿದ ಡಾಂಬರು ರಸ್ತೆಯಲ್ಲಿ ಟೈರು ತನ್ನ ಮೇಲಿನ ತೂಕದಲ್ಲಿ ರೂಪಾಯಿಗೆ ಹತ್ತಾಣೆಯಷ್ಟು ಹಿಡಿತ ಕೊಡುತ್ತದೆ ಅಂದರೆ 800 ಕೆ.ಜಿ. ಆಯಿತು. ಚಕ್ರಗಳು ಉರುಳುವಾಗ ತಾವಾಗಿಯೇ ಒಡ್ಡುವ ತಡೆ ಇನ್ನೊಂದು 200. ಒಟ್ಟು 1 ಟನ್ ಬಲ. ನಿಲ್ಲಬೇಕಾದದ್ದು ಟ್ರ್ಯಾಕ್ಟರ್ 2 ಟನ್, ಟ್ರೇಲರ್ 2 ಟನ್, ಕಬ್ಬು 8 ಟನ್, ಕೂಡಿ 12 ಟನ್. ಟ್ರೇಲರ್ ಬ್ರೇಕ್ ಕೆಲಸ ಮಾಡದಿದ್ದರೆ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಈ ಸಾಮಾನು ನಿಲ್ಲಲು 40 ಮೀಟರ್ ದಾಟುತ್ತದೆ. ಅದೂ ಬ್ರೇಕ್ ತುಳಿದ ಮೇಲೆ. ಎದುರಿಗೆ ಮಗು ಓಡಿ ಬಂದದ್ದನ್ನು ಕಂಡು ಕಾಲು ಪೆಡಲ್‌ಗೆ ಹೋಗುವ ಒಂದು ಸೆಕೆಂಡಿನಲ್ಲೇ 8 ಮೀಟರ್ ಹೋಗಿರುತ್ತೀಯ.

ಇನ್ನು ಇಳಿಜಾರು. ಇಪ್ಪತ್ತು ಅಡಿಗೆ ಒಂದಡಿ ಇಳಿಯುವ ರಸ್ತೆ ಕಣ್ಣಿಗೆ ಇಳಿಜಾರು ಅಂತಲೇ ಅನ್ನಿಸುವುದಿಲ್ಲ. ಅಲ್ಲಿ 12 ಟನ್ ಭಾರ 600 ಕೆ.ಜಿ. ಬಲದಿಂದ ಕೆಳಕ್ಕೆ ಜಗ್ಗುತ್ತದೆ. ನಿನ್ನ ಹತ್ತಿರ ಇದ್ದದ್ದು ಸಾವಿರ, ಉಳಿದದ್ದು ನಾನೂರು. 40 ಮೀಟರ್‌ನಲ್ಲಿ ನಿಲ್ಲುತ್ತಿದ್ದದ್ದು ನೂರು ಮೀಟರ್ ಆದರೂ ನಿಲ್ಲುವುದಿಲ್ಲ. ಮಳೆ ಬಿದ್ದು ರಸ್ತೆ ಜಾರುತ್ತಿದ್ದರೆ, ಅಥವಾ ಗದ್ದೆಯಿಂದ ಬಂದ ಕೆಸರು ಡಾಂಬರಿನ ಮೇಲಿದ್ದರೆ, ನಿಲ್ಲುವ ಮಾತೇ ಇಲ್ಲ. ಅದೇ ಟ್ರೇಲರ್‌ನ ಹಿಂದಿನ ಎರಡು ಚಕ್ರ ಸರಿಯಾಗಿ ಬ್ರೇಕ್ ಹಿಡಿದರೆ ಸಮತಟ್ಟಿನಲ್ಲಿ 15 ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತೀಯ. ಇದು ಅಂದಾಜು ಲೆಕ್ಕ, ಟೈರು ಸವೆದಿದ್ದರೆ ಇನ್ನೂ ಕೆಡುತ್ತದೆ. ಆದರೆ ನಲವತ್ತಕ್ಕೂ ಹದಿನೈದಕ್ಕೂ ಇರುವ ಅಂತರದಲ್ಲಿ ಒಂದು ಬಸ್ ಸ್ಟಾಪಿನಲ್ಲಿ ನಿಂತ ಜನರೆಲ್ಲ ಇರುತ್ತಾರೆ ಅನ್ನುವುದನ್ನು ನೆನಪಿಡು.

ನಿಲ್ಲದಿರುವುದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಶುರುವಾದ ಕಾಲದಲ್ಲಿ ಮಂಡ್ಯದ ಕಬ್ಬು ಎತ್ತಿನ ಗಾಡಿಯಲ್ಲಿ ಹೋಗುತ್ತಿತ್ತು. ಇಳುಕಲಿನಲ್ಲಿ ಗಾಡಿಯ ಭಾರವೆಲ್ಲ ಎತ್ತಿನ ಮೇಲೆ ನುಗ್ಗುತ್ತಿತ್ತು; ಎತ್ತು ಕಾಲು ಊರಿ ತಡೆಯದಿದ್ದರೆ ಗಾಡಿ ಅಡ್ಡ ತಿರುಗಿ ಎತ್ತನ್ನೇ ಕೆಡವುತ್ತಿತ್ತು. ಟ್ರ್ಯಾಕ್ಟರಿಗೂ ಅದೇ ಗತಿ. ಮುಂದಿನದು ನಿಧಾನಿಸಿತು, ಹಿಂದಿನದು ನಿಧಾನಿಸಲಿಲ್ಲ ಅಂದರೆ ಹತ್ತು ಟನ್ ಬಂದು ಹುಕ್ಕಿನ ಹತ್ತಿರ ತಳ್ಳುತ್ತದೆ. ರಸ್ತೆ ಸ್ವಲ್ಪ ತಿರುವಿದ್ದರೂ ಸಾಕು, ಟ್ರ್ಯಾಕ್ಟರ್ ಅಡ್ಡ ತಿರುಗಿ ಮಡಚಿಕೊಳ್ಳುತ್ತದೆ, ಡ್ರೈವರ್ ಕೆಳಗೆ. ನೀನು ಜೋರಾಗಿ ಬ್ರೇಕ್ ತುಳಿದಷ್ಟೂ ಇದು ಬೇಗ ಆಗುತ್ತದೆ. ಹೀಗಾಗಿ ಟ್ರ್ಯಾಕ್ಟರ್ ಬ್ರೇಕ್ ಚೆನ್ನಾಗಿದೆ ಅನ್ನುವುದು ಟ್ರೇಲರ್ ಬ್ರೇಕ್ ಬೇಡ ಅನ್ನುವುದಕ್ಕೆ ಕಾರಣ ಆಗುವುದೇ ಇಲ್ಲ.

ನಿಮ್ಮ ಕಡೆಯ ರಸ್ತೆಗಳೂ ಮೊದಲಿನಂತಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಟ್ರ್ಯಾಕ್ಟರ್ ಬಿಡುತ್ತಿಲ್ಲ. ಆ ವೇಗದ ನಡುವೆ ಟ್ರ್ಯಾಕ್ಟರ್ ಇರಬಾರದು, ಅದು ಸರಿಯಾದ ತೀರ್ಮಾನವೇ. ಆದರೆ ಅದರ ಪರಿಣಾಮವಾಗಿ ಕಬ್ಬಿನ ಟ್ರ್ಯಾಕ್ಟರ್, ಸ್ಕೂಟರ್, ಆಟೊ, ಸ್ಕೂಲಿಗೆ ಹೋಗುವ ಸೈಕಲ್ ಎಲ್ಲವೂ ಸರ್ವಿಸ್ ರಸ್ತೆಗೆ ಬಂದು ಬಿದ್ದಿವೆ. ಅಲ್ಲಿ ಹಂಪ್ ಇದೆ, ಊರೊಳಗಿನ ಅಡ್ಡರಸ್ತೆಗಳಿವೆ, ಅಂಡರ್‌ಪಾಸಿಗೆ ಇಳಿಯುವ ಇಳುಕಲುಗಳಿವೆ. ಹೆಜ್ಜೆಹೆಜ್ಜೆಗೂ ಬ್ರೇಕ್ ತುಳಿಯಬೇಕು. ಇನ್ನು ನಾಲೆ ಏರಿ ರಸ್ತೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅದು ಟ್ರೇಲರ್ ಸಂಗತಿಯಲ್ಲ, ಗೊತ್ತು. ಆದರೆ ನಾಲೆ ಪಕ್ಕದ ರಸ್ತೆ ಒಂದು ತಪ್ಪಿಗೂ ಜಾಗ ಕೊಡುವುದಿಲ್ಲ ಅಂತ ನಿಮ್ಮ ಜಿಲ್ಲೆಗೆ ಅವತ್ತು ಗೊತ್ತಾಯಿತು. ನಿನ್ನ ಟ್ರೇಲರ್ ಹೋಗುವುದು ಅಂಥದೇ ರಸ್ತೆಯಲ್ಲಿ.

ಇಷ್ಟು ಮೊದಲ ಪ್ರಶ್ನೆ. ಎರಡನೆಯದು, ಇರುವ ಬ್ರೇಕಿನಲ್ಲಿ ಎಷ್ಟು ಜೀವ ಉಳಿದಿದೆ ಅನ್ನುವುದು.

ನೀನು ಬೆಂಗಳೂರಿನ ಸ್ಯಾಟಲೈಟ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಮೆಟ್ರೊದಲ್ಲಿ ಅತ್ತಿಗುಪ್ಪೆಗೆ ಬಂದು, ಇಲ್ಲಿ ಆರ್‌ಪಿಸಿ ಲೇಔಟಿನ ನಮ್ಮ ಮನೆ ಜಗಲಿಯ ಮೇಲೆ ಪೇಪರ್ ಹಾಸಿ ಆ ಎರಡು ಬ್ರೇಕ್ ಶೂ ಇಟ್ಟೆಯಲ್ಲ, ಒಳ್ಳೇ ಕೆಲಸ ಮಾಡಿದೆ. ಫೋನಿನಲ್ಲಿ ಫೋಟೊ ಕಳಿಸಿದ್ದರೆ ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಎಡಗಡೆ ಶೂವಿನ ಲೈನರ್ ಗಾಜಿನ ಹಾಗೆ ಹೊಳೆಯುತ್ತಿತ್ತು. ಅದು ಅತಿಯಾಗಿ ಕಾದು ಮೇಲ್ಮೈ ಸುಟ್ಟು ನುಣುಪಾದ ಗುರುತು. ಅಂಥ ಲೈನರ್ ದಪ್ಪ ಉಳಿದಿದ್ದರೂ ಹಿಡಿಯುವುದಿಲ್ಲ, ಜಾರುತ್ತದೆ. ಬಲಗಡೆಯದರಲ್ಲಿ ಹಿತ್ತಾಳೆ ರಿವೆಟ್‌ಗಳ ತಲೆ ತೇಯ್ದು ಮಿರುಗುತ್ತಿತ್ತು. ರಿವೆಟ್ ತಲೆ ಮಿರುಗಿತು ಅಂದರೆ ಅದು ಆಗಲೇ ಡ್ರಮ್ಮಿಗೆ ಉಜ್ಜುತ್ತಿದೆ, ಡ್ರಮ್ಮಿನ ಒಳಗೆ ಸುತ್ತ ಗೆರೆ ಕೊರೆದಿದೆ. ನೀನು ಹೇಳುವ ಮೊದಲೇ ನಾನು ಡ್ರಮ್ಮಿನಲ್ಲಿ ಕಾಲುವೆ ಬಿದ್ದಿದೆಯಲ್ಲ ಅಂತ ಕೇಳಿದ್ದು ಅದಕ್ಕೇ. ಅದೇ ಬಲಗಡೆ ಶೂವಿನ ಒಂದು ಅಂಚು ಕಪ್ಪಾಗಿ ಜಿಡ್ಡು ಹಿಡಿದಿತ್ತು. ಹಬ್ಬಿನ ಸೀಲ್ ಹೋಗಿ ಗ್ರೀಸ್ ಒಳಗೆ ಬರುತ್ತಿದೆ. ಒಂದು ಕಡೆ ಸುಟ್ಟದ್ದು, ಇನ್ನೊಂದು ಕಡೆ ಜಿಡ್ಡು. ಅಂದರೆ ಇಷ್ಟು ದಿನ ಎಡಗಡೆಯ ಒಂದೇ ಚಕ್ರ ಇಡೀ ಟ್ರೇಲರ್ ಭಾರ ತಡೆಯಲು ಒದ್ದಾಡಿ ಸುಟ್ಟುಹೋಗಿದೆ. ಬ್ರೇಕ್ ಹಿಡಿದಾಗ ಟ್ರೇಲರ್ ಎಡಕ್ಕೆ ಎಳೆಯುತ್ತದೆ ಅಂತ ನಿನ್ನ ಡ್ರೈವರ್ ದೂರುತ್ತಿದ್ದದ್ದು ಸುಳ್ಳಲ್ಲ.

ಹೀಗೆ ಬಿಚ್ಚಿ ನೋಡದೆ ರಿಪೇರಿಯೋ ಹೊಸದೋ ಅಂತ ಯಾರೂ ಹೇಳಲಾರರು, ಹೇಳಿದರೆ ನಂಬಬೇಡ. ಬಿಚ್ಚುವಾಗ ಒಂದು ಎಚ್ಚರ: ಒಳಗಿನ ಕರೀ ಧೂಳನ್ನು ಕಂಪ್ರೆಸರ್ ಹಿಡಿದು ಊದಬೇಡಿ, ಬಾಯಿಂದಲೂ ಊದಬೇಡಿ. ಹಳೇ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಆ ಎಳೆ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ವರ್ಷಗಳ ಮೇಲೆ ಕಾಯಿಲೆಯಾಗಿ ಕಾಣಿಸುತ್ತದೆ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಇದನ್ನು ಹೇಳಿದರೆ ವರ್ಕ್‌ಶಾಪಿನ ಹುಡುಗರು ನಗುತ್ತಾರೆ. ನಗಲಿ, ನೀನು ಬಿಡಬೇಡ.

ಈಗ ಯಾವುದು ರಿಪೇರಿಗೆ ಯೋಗ್ಯ ಅಂತ ಹೇಳುತ್ತೇನೆ. ಲೈನರ್ ಸವೆದದ್ದು ರೋಗವೇ ಅಲ್ಲ, ಅದು ಸವೆಯಬೇಕಾದ ಸಾಮಾನು. ರಿವೆಟ್ ತಲೆಯ ಮೇಲೆ ಒಂದೆರಡು ಮಿಲಿಮೀಟರ್ ಉಳಿದಾಗಲೇ ಬದಲಾಯಿಸಿದರೆ ಡ್ರಮ್ಮು ಉಳಿಯುತ್ತದೆ. ರಿಟರ್ನ್ ಸ್ಪ್ರಿಂಗ್ ಸಡಿಲವಾದರೆ, ಕ್ಯಾಮ್ ಶಾಫ್ಟಿನ ಬುಷ್‌ನಲ್ಲಿ ಆಟ ಬಂದಿದ್ದರೆ, ಹಬ್ಬಿನ ಸೀಲ್ ಸೋರಿದರೆ, ವೀಲ್ ಸಿಲಿಂಡರಿನ ರಬ್ಬರ್ ಹೋಗಿದ್ದರೆ, ಇವೆಲ್ಲ ಒಂದು ದಿನದ ಕೆಲಸ. ಡ್ರಮ್ಮಿನಲ್ಲಿ ಸಣ್ಣ ಗೆರೆ ಇದ್ದರೆ ಲೇತಿನಲ್ಲಿ ಟರ್ನಿಂಗ್ ಹಿಡಿಸಬಹುದು, ಆದರೆ ಡ್ರಮ್ಮಿನ ಮೇಲೆ ಎಷ್ಟು ಅಳತೆಯವರೆಗೆ ಕೊರೆಯಬಹುದು ಅಂತ ಅಚ್ಚು ಹಾಕಿರುತ್ತಾರೆ, ಅದನ್ನು ಮೀರಬಾರದು. ತೆಳ್ಳಗಾದ ಡ್ರಮ್ಮು ಬೇಗ ಕಾಯುತ್ತದೆ, ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಶೂ ಅದನ್ನು ಮುಟ್ಟಲು ಇನ್ನಷ್ಟು ದೂರ ಹೋಗಬೇಕು. ಇಳುಕಲಿನಲ್ಲಿ ಅರ್ಧ ದಾರಿಗೆ ಬ್ರೇಕ್ ಕೈಕೊಡುವುದು ಹೀಗೆ.

ಜಿಡ್ಡು ಕುಡಿದ ಲೈನರ್ ಅನ್ನು ಪೆಟ್ರೋಲ್ ಹಾಕಿ ತೊಳೆದು ಮತ್ತೆ ಕೂರಿಸುವ ಪದ್ಧತಿ ಇದೆ. ಬೇಡ. ಒಳಗೆ ಕುಡಿದದ್ದು ಕಾದಾಗ ಮತ್ತೆ ಮೇಲೆ ಬರುತ್ತದೆ. ಒಂದು ಚಕ್ರದ್ದು ಮಾತ್ರ ಬದಲಾಯಿಸುವುದೂ ಬೇಡ, ಎರಡೂ ಚಕ್ರಕ್ಕೆ ಒಂದೇ ಕಂಪನಿಯ ಒಂದೇ ಬಗೆಯ ಲೈನರ್ ಹಾಕಿಸು. ಹೈಡ್ರಾಲಿಕ್ ಇದ್ದರೆ ಯಾವ ಎಣ್ಣೆ ಅಂತ ಖಚಿತ ಮಾಡಿಕೊ. ಡಾಟ್ 3 ಬ್ರೇಕ್ ಆಯಿಲ್‌ಗೆ ಮಾಡಿದ ರಬ್ಬರ್‌ಗೆ ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್ ಸೇರಿದರೆ ರಬ್ಬರ್ ಊದಿಕೊಂಡು ಬ್ರೇಕ್ ಜಾಮ್ ಆಗುತ್ತದೆ. ಡಬ್ಬದಲ್ಲಿ ಏನಿದೆಯೋ ಅದನ್ನೇ ಸುರಿದುಬಿಡುವ ಅವಸರದ ಮೆಕ್ಯಾನಿಕ್‌ನಿಂದ ದೂರ ಇರು.

ಇನ್ನು ರಿಪೇರಿಗೆ ಬಗ್ಗದ ಸಂಗತಿಗಳು. ಡ್ರಮ್ಮಿನಲ್ಲಿ ಬಿರುಕು ಕಂಡರೆ ಅದು ಗುಜರಿಗೆ. ಎರಕದ ಡ್ರಮ್ಮಿಗೆ ವೆಲ್ಡಿಂಗ್ ಮಾಡಿ ಕೊಡುತ್ತೇನೆ ಅನ್ನುವವನ ಅಂಗಡಿಯಿಂದ ಆಚೆ ಬಂದುಬಿಡು. ಆಕ್ಸಲ್ ಬಾಗಿದ್ದರೆ, ಬೇರಿಂಗ್ ಕೂರುವ ಜಾಗ ಸವೆದು ಸಡಿಲವಾಗಿದ್ದರೆ, ಶೂ ಕೂರುವ ಪ್ಲೇಟು ಸೀಳಿದ್ದರೆ, ಮೇಲಿನ ಲೈನರ್ ಎಷ್ಟು ಹೊಸದಾದರೂ ಅದು ಡ್ರಮ್ಮಿಗೆ ಸಮವಾಗಿ ಒತ್ತುವುದಿಲ್ಲ. ಇನ್ನೊಂದು ಸಂಗತಿ, ಇದನ್ನು ಯಾರೂ ಗಮನಿಸುವುದಿಲ್ಲ: ಅದರ ಸಾಮಾನು ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆಯೇ? ನಿನ್ನ ಟ್ರೇಲರ್ ಊರ ಕಡೆಯ ಯಾವುದೋ ವರ್ಕ್‌ಶಾಪಿನಲ್ಲಿ ಕಟ್ಟಿದ್ದು. ಡ್ರಮ್ಮಿನ ಮೇಲೆ ಹೆಸರಿಲ್ಲ, ನಂಬರಿಲ್ಲ, ಅಳತೆಯ ಅಚ್ಚೂ ಇಲ್ಲ. ಈ ಸಲದ ಲೈನರ್ ಲಾರಿಯದನ್ನು ಕತ್ತರಿಸಿ ಹೊಂದಿಸಿದ್ದು ಅಂತ ಅಂಚು ನೋಡಿದರೇ ಗೊತ್ತಾಗುತ್ತಿತ್ತು. ಹಾಗೆ ಹೊಂದಿಸಿದ್ದು ಡ್ರಮ್ಮಿನ ಬಾಗಿಗೆ ಕೂರುವುದಿಲ್ಲ, ನಡುವೆ ಮಾತ್ರ ತಾಗುತ್ತದೆ, ತಾಗಿದಷ್ಟೇ ಹಿಡಿಯುತ್ತದೆ.

ನೀನು ಶೂ ತಂದ ಹಾಗೆ ಡ್ರಮ್ಮನ್ನೂ ಬಿಚ್ಚಿ ತಂದರೆ ಇಲ್ಲಿ ನೋಡಿಸಬಹುದು. ಕಾಮಾಕ್ಷಿಪಾಳ್ಯದಲ್ಲಿ ಲೇತುಗಳಿಗೆ ಬರವಿಲ್ಲ, ಲೈನರ್ ಬೇರಿಂಗ್ ಬೇಕಾದರೆ ಜೆ.ಸಿ. ರಸ್ತೆ. ಆದರೆ ಅಂಗಡಿಗೆ ಹೋಗುವಾಗ ಹಳೇ ಸಾಮಾನು ಕೈಯಲ್ಲಿರಲಿ, ಒಳ ಅಳತೆ ಬರೆದ ಚೀಟಿ ಇರಲಿ, ಬಿಲ್ ಇಲ್ಲದೆ ತಗೊಳ್ಳಬೇಡ. ಬ್ರೇಕಿನ ಸಾಮಾನಿನಲ್ಲಿ ನಕಲಿ ಸಿಕ್ಕರೆ ಕೇಳಲು ಬಿಲ್ಲೊಂದೇ ದಾರಿ.

ಖರ್ಚಿನ ಮಾತು ಈಗ ಬರಲಿ. ರಿಪೇರಿ ಅಂದಾಗ ಲೈನರ್ ಬೆಲೆ ಒಂದನ್ನೇ ಹೇಳಿ ಕೆಲಸ ಶುರು ಮಾಡುತ್ತಾರೆ. ಡ್ರಮ್ ಟರ್ನಿಂಗ್, ಬುಷ್, ಸ್ಪ್ರಿಂಗ್, ಸೀಲ್, ಬೇರಿಂಗ್, ಕೂಲಿ, ಟ್ರೇಲರ್ ನಿಂತ ದಿನಗಳ ಬಾಡಿಗೆ ಎಲ್ಲ ಸೇರಿಸಿ ಒಂದೇ ಕಾಗದದ ಮೇಲೆ ಬರೆಸು. ಪಕ್ಕದಲ್ಲಿ ಬ್ರೇಕ್ ಸಮೇತ ಹೊಸ ಆಕ್ಸಲ್‌ನ ಬೆಲೆ ಬರೆ. ನನ್ನ ಅಭಿಪ್ರಾಯ ಇಷ್ಟು: ರಿಪೇರಿ ಖರ್ಚು ಹೊಸದರ ಅರ್ಧ ದಾಟಿತು, ಡ್ರಮ್ಮಿಗೆ ಇನ್ನೊಂದು ಟರ್ನಿಂಗ್ ತಾಳುವ ದಪ್ಪ ಇಲ್ಲ ಅಂತಾದರೆ ಹೊಸದೇ ಸರಿ. ಅರ್ಧಕ್ಕಿಂತ ಕಮ್ಮಿ ಇದ್ದು, ಡ್ರಮ್ಮು ಆಕ್ಸಲ್ ಗಟ್ಟಿಯಾಗಿದ್ದು, ಹೊರುವ ಭಾರಕ್ಕೆ ಅದು ಸಾಕಾದರೆ ರಿಪೇರಿ ಮಾಡಿಸುವುದರಲ್ಲಿ ಯಾವ ಸಣ್ಣತನವೂ ಇಲ್ಲ. ಗಟ್ಟಿ ಕಬ್ಬಿಣವನ್ನು ಬಿಸಾಡುವುದು ನಮ್ಮ ಮನೆತನದ ರೂಢಿಯಲ್ಲ.

ಹೊಸದು ಹಾಕಿಸುವುದಾದರೆ ಯಾವ ಬಗೆ ಅನ್ನುವುದು ಮುಂದಿನ ಮಾತು. ಓವರ್‌ರನ್ ಬ್ರೇಕ್ ಅಂತ ಒಂದಿದೆ: ಟ್ರ್ಯಾಕ್ಟರ್ ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ನೂಕುತ್ತದಲ್ಲ, ಆ ನೂಕಿನಿಂದಲೇ ಲಿವರ್ ಎಳೆದು ಬ್ರೇಕ್ ಹಿಡಿಸುವುದು. ಸುಲಭ, ಅಗ್ಗ. ಆದರೆ ರಿವರ್ಸ್ ತೆಗೆದಾಗಲೂ ಅದು ಹಿಡಿದುಕೊಳ್ಳುತ್ತದೆ. ಗದ್ದೆಯಲ್ಲಿ ರಿವರ್ಸ್ ಹೋಗುವುದಿಲ್ಲ ಅಂತ ಹುಡುಗರು ಲಿವರ್‌ಗೆ ತಂತಿ ಸುತ್ತಿ ಕಟ್ಟುತ್ತಾರೆ, ಕಟ್ಟಿದ್ದನ್ನು ಬಿಚ್ಚಲು ಮರೆಯುತ್ತಾರೆ. ಸಣ್ಣ ಭಾರದ ಟ್ರೇಲರ್‌ಗೆ ಅದು ಸಾಕು, ಎಂಟು ಟನ್ ಕಬ್ಬಿಗೆ ನಾನು ಒಪ್ಪುವುದಿಲ್ಲ. ನಿನ್ನ ಟ್ರ್ಯಾಕ್ಟರಿನಲ್ಲಿ ಟ್ರೇಲರ್ ಬ್ರೇಕಿಗೆ ಹೈಡ್ರಾಲಿಕ್ ಲೈನ್ ತೆಗೆಯುವ ವಾಲ್ವ್ ಇದೆಯೇ, ಇಲ್ಲದಿದ್ದರೆ ಕೂರಿಸಲು ಬರುತ್ತದೆಯೇ ಅಂತ ಡೀಲರ್ ಹತ್ತಿರ ಕೇಳು. ಆಗ ನೀನು ಪೆಡಲ್ ತುಳಿದಾಗ ಎರಡೂ ಒಟ್ಟಿಗೆ ಹಿಡಿಯುತ್ತವೆ. ದಿನವೂ ದೂರ ಹೊಡೆಯುವವರಿಗೆ ಏರ್ ಬ್ರೇಕ್ ಇನ್ನೂ ಮೇಲು; ಸರಿಯಾಗಿ ಜೋಡಿಸಿದರೆ ಪೈಪ್ ಕಿತ್ತುಹೋದಾಗ ತಾನೇ ಹಿಡಿದುಕೊಳ್ಳುತ್ತದೆ. ಯಾವುದೇ ಆಗಲಿ, ಜೊತೆಗೆ ಒಂದು ಹ್ಯಾಂಡ್‌ಬ್ರೇಕ್ ಇರಲೇಬೇಕು. ಕಾರ್ಖಾನೆ ಮುಂದೆ ಸಾಲಿನಲ್ಲಿ ನಿಂತಾಗ ಚಕ್ರಕ್ಕೆ ಕಲ್ಲು ಕೊಟ್ಟು ಮಲಗುತ್ತಾರೆ. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ, ರಾತ್ರಿ ಬೈಕಿನಲ್ಲಿ ಬಂದವನು ಅದಕ್ಕೆ ಹೊಡೆದು ಬೀಳುತ್ತಾನೆ.

ಆಕ್ಸಲ್ ಬದಲಾಯಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ಒಂದು ಮಾತು ಕೇಳು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. ಸುರಕ್ಷಿತವಲ್ಲದ ಸ್ಥಿತಿಯಲ್ಲಿ ವಾಹನ ಓಡಿಸುವುದು 190ನೇ ಸೆಕ್ಷನ್ನಿನಡಿ ಅಪರಾಧ. ಟ್ರೇಲರ್‌ಗೆ ಬೇರೆ ನಂಬರ್ ಇದೆ, ವಿಮೆ ಪಾಲಿಸಿಯಲ್ಲಿ ಅದರ ಹೆಸರೂ ಇರಬೇಕು. ಟ್ರ್ಯಾಕ್ಟರ್ ಒಂದರದ್ದೇ ಕಟ್ಟಿ ಸುಮ್ಮನಾಗಿದ್ದರೆ ಇವತ್ತೇ ಸರಿಮಾಡಿಸು. ಕಟಾವಿನ ಹೆಣ್ಣಾಳುಗಳನ್ನು ಕಬ್ಬಿನ ಮೇಲೆ ಕೂರಿಸಿ ಕರೆತರುವುದನ್ನು ನಿಲ್ಲಿಸು. ಟ್ರೇಲರ್ ಇರುವುದು ಸರಕಿಗೆ.

ಬ್ರೇಕ್ ಆದ ಮೇಲೆ ಮೆಕ್ಯಾನಿಕ್ ಸರಿಯಾಯಿತು ಅಂದ ಕೂಡಲೇ ದುಡ್ಡು ಕೊಡಬೇಡ. ಜನ ಇಲ್ಲದ ಸಮತಟ್ಟು ರಸ್ತೆಗೆ ಹೋಗು. ಸುಣ್ಣದಲ್ಲಿ ಅಡ್ಡ ಗೆರೆ ಎಳೆ. ಮೊದಲು ಖಾಲಿ ಟ್ರೇಲರ್, ಗಂಟೆಗೆ 20 ಕಿ.ಮೀ.ನಲ್ಲಿ ಬಂದು ಗೆರೆಯ ಮೇಲೆ ಬ್ರೇಕ್ ತುಳಿ. ಇಳಿದು ಟೈರಿನ ಗುರುತು ನೋಡು: ಎರಡೂ ಕಡೆ ಸಮ ಇರಬೇಕು. ಆಮೇಲೆ ಅರ್ಧ ಲೋಡು, ಆಮೇಲೆ ಪೂರ್ತಿ ಲೋಡು. ನಿಂತ ದೂರವನ್ನು ಹೆಜ್ಜೆ ಹಾಕಿ ಅಳೆದು ಗೋಡೆ ಮೇಲೆ ಬರೆದಿಡು. ಮೂರು ತಿಂಗಳ ಮೇಲೆ ಅದೇ ಜಾಗದಲ್ಲಿ ಮತ್ತೆ ಅಳೆ. ಇನ್ನೊಂದು ಪರೀಕ್ಷೆ: ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಓಡಿಸಿ ನಿಲ್ಲಿಸಿ, ಡ್ರಮ್ಮಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸು. ಚುಂಯ್ ಅಂದರೆ ಆ ಚಕ್ರ ಹಿಡಿದುಕೊಂಡೇ ಓಡುತ್ತಿದೆ, ಬಿಗಿ ಸಡಿಲಿಸಬೇಕು. ಕೈ ಇಟ್ಟು ನೋಡಬೇಡ, ಚರ್ಮ ಅಂಟಿಕೊಳ್ಳುತ್ತದೆ.

ಡ್ರೈವರ್‌ಗೂ ಎರಡು ಮಾತು ಹೇಳು. ಗದ್ದೆಯಲ್ಲಿ ತಿರುಗಿಸಲು ಎಡ ಬಲ ಬ್ರೇಕ್ ಪೆಡಲ್ ಬಿಡಿಸಿಕೊಂಡಿರುತ್ತಾರೆ, ರಸ್ತೆಗೆ ಬರುವ ಮೊದಲು ಎರಡನ್ನೂ ಸೇರಿಸಿ ಕೊಂಡಿ ಹಾಕಬೇಕು. ಹಾಕದೆ ಒಂದು ಪೆಡಲ್ ತುಳಿದರೆ ಭಾರದ ಟ್ರೇಲರ್ ಹಿಂದಿರುವಾಗ ಟ್ರ್ಯಾಕ್ಟರ್ ಗಿರಕ್ಕನೆ ತಿರುಗುತ್ತದೆ. ಇಳುಕಲಿನಲ್ಲಿ ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ಗೆ ಹಾಕುವುದು ಬೇಡವೇ ಬೇಡ. ಹತ್ತಿದ ಗೇರಿನಲ್ಲೇ ಇಳಿಯಲಿ. ಬಾಗಲಕೋಟೆ, ಬೆಳಗಾವಿ ಕಡೆ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಜೋಡಿಸಿ ಕಬ್ಬು ಹೊಡೆಯುತ್ತಾರೆ. ನಿಮ್ಮ ಕಡೆಯೂ ಆ ಆಸೆ ಶುರುವಾಗಿದ್ದರೆ ಮನೆಯವರ ಮುಖ ನೆನೆದು ಕೈಬಿಡಿ.

ಇದು ಹಳ್ಳಿಯ ಪ್ರಶ್ನೆ ಅಂತಲೂ ತಿಳಿಯಬೇಡ. ಬೆಂಗಳೂರಿನ ನಮ್ಮ ಬೀದಿಗೆ ಬೇಸಿಗೆಯಲ್ಲಿ ನೀರು ತರುವುದೂ ಟ್ರ್ಯಾಕ್ಟರ್ ಎಳೆಯುವ ಟ್ಯಾಂಕರೇ. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಿಲ್ಲಾಡಳಿತ 6,000, 8,000, 12,000 ಲೀಟರ್ ಅಂತ ಟ್ಯಾಂಕರ್‌ಗಳಿಗೆ ದರ ಕಟ್ಟಿತು. 6,000 ಲೀಟರ್ ಅಂದರೆ 6 ಟನ್ ನೀರು. ಕಬ್ಬಾದರೋ ಕಟ್ಟಿದಲ್ಲಿ ಕೂತಿರುತ್ತದೆ, ಅರ್ಧ ತುಂಬಿದ ಟ್ಯಾಂಕಿನ ನೀರು ಬ್ರೇಕ್ ಹಿಡಿದ ಮೇಲೂ ಮುಂದಕ್ಕೆ ಅಪ್ಪಳಿಸುತ್ತದೆ. ಅತ್ತಿಗುಪ್ಪೆ ಮೆಟ್ರೊ ಸ್ಟೇಷನ್ ಕೆಳಗೆ ಆಫೀಸಿಗೆ ಹೋಗುವ ಹುಡುಗಿಯರು, ಹಂಪಿನಗರದ ಲೈಬ್ರರಿಗೆ ಹೋಗುವ ನನ್ನಂಥ ಮುದುಕರು ರಸ್ತೆ ದಾಟುವಾಗ ಅಂಥ ಟ್ಯಾಂಕರ್ ಬರುತ್ತದೆ. ಅದನ್ನು ಓಡಿಸುವವನಿಗೂ ನಾನು ನಿನಗೆ ಹೇಳಿದ್ದನ್ನೇ ಹೇಳುತ್ತೇನೆ, ಹೇಳಿಯೂ ಇದ್ದೇನೆ.

ನಿನ್ನ ಟ್ರೇಲರ್ ವಿಚಾರಕ್ಕೆ ನನ್ನ ತೀರ್ಪು ಇದು. ಡ್ರಮ್ಮಿಗೆ ಈಗಾಗಲೇ ಎರಡು ಸಲ ಟರ್ನಿಂಗ್ ಆಗಿದೆ ಅಂತ ನೀನೇ ಹೇಳಿದೆ, ಅದರ ಸಾಮಾನು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದಿಲ್ಲ, ಎಂಟು ಟನ್ನಿಗೆ ಅದು ಯಾವತ್ತೂ ಸಾಕಾಗಿರಲೂ ಇಲ್ಲ. ಕಬ್ಬು ಹೊರಲಿ ಅಂತ ಅದರ ರಿಪೇರಿಗೆ ಒಂದು ರೂಪಾಯಿಯನ್ನೂ ಹಾಕಬೇಡ. ಹಿಂದಿನ ಆಕ್ಸಲ್ ಅನ್ನು ಬ್ರೇಕ್ ಸಮೇತ, ನೀನು ಹೊರುವ ಭಾರಕ್ಕೆ ತಕ್ಕ ಅಳತೆಯದು, ಹೊಸದಾಗಿ ಹಾಕಿಸು. ಟ್ರೇಲರ್ ಬಾಡಿ, ಚಾಸಿ, ಮುಂದಿನ ಆಕ್ಸಲ್ ಗಟ್ಟಿಯಾಗಿವೆ, ಅವು ಇರಲಿ. ಈ ಹಂಗಾಮಿಗೆ ದುಡ್ಡು ಹೊಂದದಿದ್ದರೆ ಕಬ್ಬು ಬಾಡಿಗೆ ಹೊಡೆಯಬೇಡ. ಎರಡು ಚಕ್ರಕ್ಕೂ ಸರಿಯಾದ ಲೈನರ್, ಹೊಸ ಸೀಲ್ ಹಾಕಿಸಿ ಮನೆಯ ಹುಲ್ಲು, ಗೊಬ್ಬರಕ್ಕೆ ಮಾತ್ರ, ಮೂರು ಟನ್ ಒಳಗೆ, ನಾಲೆ ಏರಿಗೆ ಹತ್ತಿಸದೆ ಉಪಯೋಗಿಸು. ಕಾರ್ಖಾನೆ ಅರೆಯಲು ಶುರು ಮಾಡುವ ಮೊದಲೇ ಆಕ್ಸಲ್ ಕೆಲಸ ಮುಗಿಸು, ಹಂಗಾಮು ಬಂದ ಮೇಲೆ ಯಾವ ಮೆಕ್ಯಾನಿಕ್ಕೂ ಕೈಗೆ ಸಿಗುವುದಿಲ್ಲ. ಆರ್ಡರ್ ಕೊಡುವ ದಿನ ನನಗೆ ಫೋನ್ ಮಾಡು, ಅಳತೆ ಹಿಡಿಯಲು ನಾನೂ ಬರುತ್ತೇನೆ.